ಮನೆ ಬಾಡಿಗೆಗೆ ಕೊಡ್ತೀರಾ? ಬೀಗದ ಕೈ ಕೊಡುವ ಮೊದಲು ಈ ಕಾಗದ ಕೆಲಸ ಮುಗಿಸಿ

ನಮ್ಮ ಮೇಲಿನ ಮನೆಯಲ್ಲಿ ಮೂರು ವರ್ಷ ಇದ್ದ ಕುಟುಂಬ ಖಾಲಿ ಮಾಡಿ ಹೊರಟ ದಿನ ನನಗೆ ಚೆನ್ನಾಗಿ ನೆನಪಿದೆ. ಅಡುಗೆಮನೆ ಕಟ್ಟೆಯ ಗ್ರಾನೈಟ್‌ನಲ್ಲಿ ಒಂದು ಉದ್ದ ಬಿರುಕು. ‘ನಾವು ಬಂದಾಗಲೇ ಇತ್ತು’ ಎಂದರು ಅವರು. ‘ಇರಲಿಲ್ಲ’ ಎಂದೆವು ನಾವು. ನಮ್ಮ ಕರಾರು ಪತ್ರದಲ್ಲಿ ಫ್ಯಾನು ಎಷ್ಟು, ಟ್ಯೂಬ್‌ಲೈಟ್ ಎಷ್ಟು ಎಂದು ಬರೆದಿತ್ತು. ಕಟ್ಟೆಯ ಮಾತೇ ಇರಲಿಲ್ಲ. ಅಡ್ವಾನ್ಸಿನಲ್ಲಿ ದುಡ್ಡು ಹಿಡಿದುಕೊಂಡೆವು. ಅಮ್ಮನಿಗೆ ಮೂರು ವರ್ಷ ಸಾರು, ಪಲ್ಯ ಕೊಟ್ಟು ತೆಗೆದುಕೊಂಡಿದ್ದ ಆ ಆಂಟಿ ಹೋಗಿಬರ್ತೀನಿ ಅಂತಲೂ ಹೇಳದೆ ಆಟೋ ಹತ್ತಿದರು. ಯಾರದ್ದು ಸರಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕರ್ನಾಟಕದಲ್ಲಿ ಮನೆ ಬಾಡಿಗೆಗೆ ಕೊಡುವವರು ಗಮನಿಸಬೇಕಾದ ಕಾಯ್ದೆಗಳು ಹಲವು. ಯಾವಾಗ ಯಾವುದನ್ನು ನೋಡಬೇಕು ಎಂಬುದನ್ನು ಕೆಲಸದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು: ನಿಮ್ಮ ಮನೆ ಯಾವ ಕಾಯ್ದೆಗೆ ಸೇರುತ್ತದೆ?

ನಮ್ಮಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂತು. 2001ರ ಕೊನೆಯಿಂದ ಅದು ಜಾರಿಯಲ್ಲಿದೆ. ಬಹಳ ಜನ ಗಮನಿಸದ ಸಂಗತಿ ಒಂದಿದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಸಣ್ಣ ಊರುಗಳಲ್ಲಿ ಆ ಮಿತಿ 2,000 ರೂಪಾಯಿ. ಈ ಬಾಡಿಗೆಗೆ ಈಗ ಒಂದು ರೂಮೂ ಸಿಗುವುದು ಕಷ್ಟ, ಅಲ್ವಾ? ಹಾಗಾಗಿ ಹೆಚ್ಚಿನ ಮನೆಗಳ ಲೆಕ್ಕ 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಹೋಗುತ್ತದೆ. ಆ ಕಾಯ್ದೆ ಬಹುಪಾಲು ವಿಷಯಗಳನ್ನು ನಿಮ್ಮಿಬ್ಬರ ಒಪ್ಪಂದಕ್ಕೇ ಬಿಡುತ್ತದೆ. ಕರಾರಿನಲ್ಲಿ ಏನು ಬರೆದಿದ್ದೀರೋ ಕೋರ್ಟು ಮೊದಲು ನೋಡುವುದು ಅದನ್ನೇ. ಅದಕ್ಕೇ ಆ ಎರಡು ಹಾಳೆಗಳಿಗೆ ಇಷ್ಟು ಬೆಲೆ.

ವಾಟ್ಸಾಪಿನಲ್ಲಿ ‘ಹೊಸ ಬಾಡಿಗೆ ಕಾನೂನು ಬಂದಿದೆ, ಎರಡೇ ತಿಂಗಳ ಅಡ್ವಾನ್ಸ್’ ಎಂಬ ಸಂದೇಶ ನಿಮಗೂ ಬಂದಿರಬಹುದು. ಅದು ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಬಾಡಿಗೆ ರಾಜ್ಯಗಳ ವಿಷಯ. ರಾಜ್ಯ ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಇಲ್ಲಿ ನಡೆಯುತ್ತದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಸುಮ್ನೆ ರೂಢಿಯಿಂದ ಬಂದದ್ದು. ನನ್ನ ಮಟ್ಟಿಗೆ ಅದು ಜಾಸ್ತಿಯೇ. ನಾವೀಗ ಐದು ತಿಂಗಳದ್ದು ತೆಗೆದುಕೊಳ್ಳುತ್ತೇವೆ, ಅದರಿಂದ ಯಾವ ತೊಂದರೆಯೂ ಆಗಿಲ್ಲ.

ಎರಡನೆಯದು: ಕರಾರು ಬರೆಯುವುದು

ಎಲ್ಲರೂ 11 ತಿಂಗಳಿಗೇ ಬರೆಯುವುದು ಯಾಕೆ? ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಲೇಬೇಕು. ನೋಂದಾಯಿಸದಿದ್ದರೆ ಅದರ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ತೋರಿಸಲು ಬರುವುದಿಲ್ಲ. ಮೂರು ವರ್ಷಕ್ಕೆ ಕೊಡುವ ಮನಸ್ಸಿದ್ದರೆ ನೋಂದಣಿ ಮಾಡಿಸಿ. 11 ತಿಂಗಳದ್ದಾದರೆ ಮುಗಿದ ಕೂಡಲೇ ಹೊಸದು ಬರೆಸಿ. ಹಳೆಯದರ ಮೇಲೇ ವರ್ಷಗಟ್ಟಲೆ ನಡೆಸಬೇಡಿ.

ಸ್ಟಾಂಪ್ ಪೇಪರಿನಲ್ಲಿ ಉಳಿಸಲು ಹೋಗಬೇಡಿ. ಛಾಪಾ ಶುಲ್ಕ ನಿಂತಿರುವುದು ಅವಧಿ, ಬಾಡಿಗೆ ಮತ್ತು ಅಡ್ವಾನ್ಸ್ ಲೆಕ್ಕದ ಮೇಲೆ. ಕಡಿಮೆ ಬೆಲೆಯ ಪೇಪರಿನಲ್ಲಿ ಬರೆದ ಕರಾರು ಮುಂದೆ ಕೋರ್ಟಿಗೆ ಬಂದರೆ, ಬಾಕಿ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಇನ್ನು ಒಳಗೆ ಬರೆಯುವ ಮಾತು. ಬಾಡಿಗೆ ಯಾವ ತಾರೀಖಿಗೆ, ಅಡ್ವಾನ್ಸ್ ಎಷ್ಟು, ವರ್ಷಕ್ಕೆ ಎಷ್ಟು ಪರ್ಸೆಂಟ್ ಏರಿಕೆ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಜಗಳ ಹುಟ್ಟುವುದು ಬರೆಯದೆ ಬಿಟ್ಟ ಕಡೆ. ನಲ್ಲಿ ಸೋರಿದರೆ ಯಾರು ಮಾಡಿಸಬೇಕು, ಸಂಪಿನ ಮೋಟರ್ ಸುಟ್ಟರೆ ಯಾರು? ನೀರು ಬಾರದೆ ಟ್ಯಾಂಕರ್ ತರಿಸಿದರೆ ಯಾರ ಖರ್ಚು? ಹೋಗುವಾಗ ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ? ‘ಒಂದು ತಿಂಗಳ ಬಾಡಿಗೆ’ ಎಂಬುದು ಕೂಡ ಬಾಯಿಮಾತಿನ ರೂಢಿ ಅಷ್ಟೇ. ಬರೆದಿದ್ದರೆ ಮಾತ್ರ ಹಿಡಿಯಿರಿ. ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಕೊಡುತ್ತೀರಿ ಎಂಬುದನ್ನೂ ಹಾಕಿ. ಬಾಡಿಗೆದಾರರಿಗೆ ಅದೇ ದೊಡ್ಡ ಚಿಂತೆ.

ಬೀಗದ ಕೈ ಕೊಡುವ ದಿನ ನಾನೀಗ ಬಾಡಿಗೆಗೆ ಬರುವವರ ಜೊತೆ ಇಡೀ ಮನೆ ಸುತ್ತುತ್ತೇನೆ. ಕಟ್ಟೆ, ಸಿಂಕು, ಕಿಟಕಿ ಚಿಲಕ, ಬಚ್ಚಲಿನ ಟೈಲ್ಸ್, ಕರೆಂಟ್ ಮೀಟರಿನ ರೀಡಿಂಗ್, ಎಲ್ಲದರ ಫೋಟೊ ತೆಗೆದು ಅಲ್ಲೇ ಅವರ ಮೊಬೈಲಿಗೂ ಕಳಿಸುತ್ತೇನೆ. ಇಪ್ಪತ್ತು ನಿಮಿಷದ ಕೆಲಸ. ಪಟ್ಟಿಗೆ ಇಬ್ಬರೂ ಸಹಿ ಮಾಡುತ್ತೇವೆ.

ಲೀಸ್ ಅಥವಾ ಭೋಗ್ಯಕ್ಕೆ ಕೊಡುವವರಿಗೆ ಒಂದು ಮಾತು. ಲಕ್ಷಗಟ್ಟಲೆ ಒಟ್ಟಿಗೆ ಪಡೆದು ತಿಂಗಳ ಬಾಡಿಗೆ ತೆಗೆದುಕೊಳ್ಳದ ಆ ವ್ಯವಹಾರ ಕಾನೂನಿನ ಕಣ್ಣಿಗೆ ಅಡಮಾನದ ಹಾಗೆ ಕಾಣಬಹುದು. ಅದನ್ನು ನೋಂದಣಿ ಇಲ್ಲದೆ ಮಾಡಲೇಬೇಡಿ.

ಮೂರನೆಯದು: ಠಾಣೆ ಮತ್ತು ಕರೆಂಟ್

ಬಾಡಿಗೆದಾರರ ವಿವರದ ಫಾರಂ ಅನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಅದು ಅಷ್ಟೇ.

ಕರೆಂಟಿನ ವಿಷಯಕ್ಕೆ ಸ್ವಲ್ಪ ಗಮನ ಬೇಕು. 2023ರಿಂದ ಇರುವ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ, 200 ಯೂನಿಟ್‌ಗಳ ಮಿತಿಯೊಳಗೆ. ಅದಕ್ಕೆ ನಿಮ್ಮ ಮೀಟರಿನ ಆರ್‌ಆರ್ ನಂಬರಿಗೆ ಅವರ ಆಧಾರ್ ಜೋಡಿಸಬೇಕು, ಬಾಡಿಗೆ ಕರಾರು ತೋರಿಸಬೇಕು. ಕೆಲವು ಓನರ್‌ಗಳು ‘ಮನೆ ಅವರದಾಗಿಬಿಡುತ್ತೆ’ ಎಂದು ಹೆದರುತ್ತಾರೆ. ಆಗುವುದಿಲ್ಲ. ಆರ್‌ಆರ್ ನಂಬರ್ ಕರೆಂಟ್ ಸಂಪರ್ಕದ ಗುರುತು, ಮಾಲೀಕತ್ವದ ಪತ್ರ ಅಲ್ಲ. ಹನ್ನೆರಡು ವರ್ಷ ಬಾಡಿಗೆಗಿದ್ದರೆ ಮನೆಯೇ ಹೋಯಿತು ಎಂಬ ಭಯವೂ ಹಾಗೆಯೇ. ಬಾಡಿಗೆದಾರರಾಗಿ ಒಳಗೆ ಬಂದವರು ಬಾಡಿಗೆಗೆ ಇರುವಷ್ಟು ಕಾಲ ನಿಮ್ಮ ಹಕ್ಕನ್ನೇ ಅಲ್ಲಗಳೆಯುವಂತಿಲ್ಲ. ಕರಾರು ಮತ್ತು ಬಾಡಿಗೆ ಬಂದ ದಾಖಲೆ ನಿಮ್ಮ ಬಳಿ ಇರಲಿ, ಸಾಕು.

ನಾಲ್ಕನೆಯದು: ಕಂದಾಯ ಮತ್ತು ತೆರಿಗೆ

ಬೆಂಗಳೂರಿನಲ್ಲಿ ಯೂನಿಟ್ ದರದ (ಬಡಾವಣೆಗೆ ತಕ್ಕಂತೆ ಚದರ ಅಡಿಗೆ ಇಷ್ಟು ಎಂಬ) ಪದ್ಧತಿಯಲ್ಲಿ, ಸ್ವಂತ ವಾಸದ ಮನೆಗಿಂತ ಬಾಡಿಗೆ ಮನೆಗೆ ಆಸ್ತಿ ತೆರಿಗೆ ದರ ದುಪ್ಪಟ್ಟು ಇತ್ತು. ಬಾಡಿಗೆಗೆ ಕೊಟ್ಟು ‘ಸ್ವಂತ ವಾಸ’ ಎಂದು ಘೋಷಿಸಿಕೊಂಡು, ಆಮೇಲೆ ವ್ಯತ್ಯಾಸದ ಜೊತೆ ದಂಡ, ಬಡ್ಡಿ ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ. ಕೆಳಗೆ ನೀವು, ಮೇಲೆ ಬಾಡಿಗೆದಾರರು ಇದ್ದರೆ ಎರಡನ್ನೂ ಬೇರೆ ಬೇರೆ ಅಳತೆಯಲ್ಲಿ ತೋರಿಸಿ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ಕಟ್ಟುವ ಮೊದಲು ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಎಂದು ನೋಡಿಕೊಳ್ಳಿ.

ಆದಾಯ ತೆರಿಗೆ ಜನ ಅಂದುಕೊಂಡಷ್ಟು ಭಾರ ಅಲ್ಲ. ತಿಂಗಳಿಗೆ 15,000 ಬಾಡಿಗೆ ಎಂದರೆ ವರ್ಷಕ್ಕೆ 1,80,000. ನೀವು ಕಟ್ಟಿದ ಕಂದಾಯ 6,000 ಕಳೆದರೆ 1,74,000. ಅದರಲ್ಲಿ ಶೇ 30 ಅಂದರೆ 52,200 ರೂಪಾಯಿಗೆ ರಿಯಾಯಿತಿ ಇದೆ, ರಿಪೇರಿ ಬಿಲ್ ತೋರಿಸಬೇಕಿಲ್ಲ. ಆದಾಯಕ್ಕೆ ಸೇರುವುದು 1,21,800 ಮಾತ್ರ.

ತಿಂಗಳ ಬಾಡಿಗೆ 50,000 ದಾಟಿದರೆ ಬಾಡಿಗೆದಾರರೇ ಶೇ 2 ಟಿಡಿಎಸ್, ಅಂದರೆ ಬಾಡಿಗೆ ಕೊಡುವಾಗಲೇ ಅದರಲ್ಲಿ ಮುರಿದುಕೊಳ್ಳುವ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಇಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿರುವ ನಮ್ಮವರಿಗೆ ಈ 50,000ದ ಮಿತಿ ಇಲ್ಲ. ಓನರ್ ಅನಿವಾಸಿಯಾಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಶೇ 30 ಮತ್ತು ಅದರ ಮೇಲಿನ ಸೆಸ್ ಹಿಡಿಯಬೇಕು. ಇದನ್ನು ಬಾಡಿಗೆಗೆ ಬರುವವರಿಗೆ ಮೊದಲೇ ಹೇಳಿ, ಕರಾರಿನಲ್ಲೂ ಬರೆಯಿರಿ. ಗೊತ್ತಿಲ್ಲದೆ ಹಿಡಿಯದಿದ್ದರೆ ಸಿಕ್ಕಿಹಾಕಿಕೊಳ್ಳುವವರು ಅವರು.

ಕೊನೆಯದು: ಖಾಲಿ ಮಾಡಿಸುವಾಗ

ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಎಂದಿದ್ದರೆ ಎರಡು ತಿಂಗಳು. ಏನೂ ಬರೆದಿರದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾಯ್ದೆ ಹೇಳುವುದು 15 ದಿನ. ನೋಟಿಸ್ ಬರಹದಲ್ಲಿರಲಿ, ನಿಮ್ಮ ಸಹಿ ಇರಲಿ, ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ.

ಅವರು ಆಗಲೂ ಬಿಡದಿದ್ದರೆ ದಾರಿ ಕೋರ್ಟು ಮಾತ್ರ. ತಡವಾಗುತ್ತದೆ, ಸಿಟ್ಟು ಬರುತ್ತದೆ, ಗೊತ್ತು. ಆದರೂ ನೀರಿನ ವಾಲ್ವ್ ತಿರುಗಿಸುವುದು, ಫ್ಯೂಸ್ ಕೀಳುವುದು, ಅವರಿಲ್ಲದಾಗ ಬೀಗ ಬದಲಿಸುವುದು ಬೇಡ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಅವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ಮೇಲಾಗಿ ಆ ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ.

ಒಪ್ಪಿ ಹೊರಟರೆ ಮೊದಲ ದಿನದ ಫೋಟೊ ಕೈಯಲ್ಲಿಟ್ಟುಕೊಂಡು ಮತ್ತೆ ಮನೆ ಸುತ್ತಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ, ಹಿಡಿದದ್ದು ಎಷ್ಟು, ಯಾಕೆ ಎಂದು ಚೀಟಿ ಬರೆದುಕೊಡಿ. ಮೀಟರ್ ರೀಡಿಂಗ್ ಇಬ್ಬರೂ ನೋಡಿ. ಗೃಹಜ್ಯೋತಿಯಿಂದ ಅವರ ಆಧಾರ್ ತೆಗೆಸುವ ಕೆಲಸವನ್ನು ಅವರು ಎದುರಿಗಿರುವಾಗಲೇ ಮುಗಿಸಿ, ಇಲ್ಲವಾದರೆ ಮುಂದೆ ಬರುವವರು ಅದಕ್ಕಾಗಿ ಅವರ ಹಿಂದೆ ಅಲೆಯಬೇಕಾಗುತ್ತದೆ.