ಕರಿಕಲ್ಲಿನ ಗೆರೆ ಹಿಡಿದು ನೀರಿಗೆ ಹೋದದ್ದು: ನನ್ನ ಅನುಭವ

ಇಪ್ಪತ್ತು ಮೀಟರ್ ಅಗಲದ ಡೈಕ್, ಅಂದರೆ ನೆಲದೊಳಗೆ ಗೋಡೆಯಂತೆ ನಿಂತ ಕರಿಕಲ್ಲಿನ ಪಟ್ಟಿ, 1:50,000 ನಕ್ಷೆಯ (ಟೋಪೋಶೀಟ್) ಮೇಲೆ 0.4 ಮಿಲಿಮೀಟರ್. ಪೆನ್ನಿನ ಗೆರೆಯೇ ಅದಕ್ಕಿಂತ ದಪ್ಪ. ಆ ನಕ್ಷೆ ನೋಡಿಕೊಂಡು ಬೋರ್ ಪಾಯಿಂಟ್ ಕೊಟ್ಟು, ಫೇಲ್ ಆದಮೇಲೆ "ನಿಮ್ಮ ಜಿಯಾಲಜಿಗಿಂತ ಅಂಗೈ ಮೇಲಿನ ತೆಂಗಿನಕಾಯಿಯೇ ವಾಸಿ" ಅಂತ ಅನ್ನಿಸಿಕೊಂಡವರು ನೀರಿನ ಜಾಗ ತೋರಿಸುವ ನಮ್ಮ ಕಸುಬಿನಲ್ಲಿ ಬೇಕಾದಷ್ಟು ಮಂದಿ. ಮಧುಗಿರಿ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಮಾಡಿದ್ದು ಇಷ್ಟೇ: ಪಾಯಿಂಟ್ ನೋಡುವುದನ್ನು ಬಿಟ್ಟು ಮೊದಲು ಊರಿನ ಶಿಲಾ ನಕ್ಷೆ ಮಾಡಿದೆ. "ನಕ್ಷೆಯಿಂದ ನೀರು ಬರುತ್ತಾ ಸ್ವಾಮಿ?" ಎಂದು ಕೇಳಿದವರೇ ಈಗ ಅದರ ಜೆರಾಕ್ಸ್ ಇಟ್ಟುಕೊಂಡಿದ್ದಾರೆ.

ಮೊದಲು ದುಡ್ಡಿನ ಲೆಕ್ಕ. ನಾವು ಹೋಗುವ ಹೊತ್ತಿಗೆ ಆ ಊರಿನಲ್ಲಿ ಕುಡಿಯುವ ನೀರಿಗೆಂದು ಹನ್ನೊಂದು ಬೋರ್ ಕೊರೆದಿದ್ದರು. ಏಳು ಬರಿ ಧೂಳು. ಉಳಿದ ನಾಲ್ಕರಲ್ಲಿ ಎರಡು ಮಳೆಗಾಲ ಮುಗಿದರೆ ನಿಲ್ಲುತ್ತಿದ್ದವು. ಎಂಟುನೂರು, ಸಾವಿರ ಅಡಿ ಹೋದ ಬೋರುಗಳು. ಆಗ ಅಡಿಗೆ ನೂರರ ಆಸುಪಾಸಿನಲ್ಲಿ ಶುರುವಾಗಿ ಮುನ್ನೂರು ಅಡಿ ದಾಟಿದ ಮೇಲೆ ದರದ ಸ್ಲ್ಯಾಬ್ ಏರುತ್ತಾ ಹೋಗುತ್ತಿತ್ತು, ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಬೇರೆ. ಏಳಕ್ಕೂ ಸೇರಿ ಏಳೆಂಟು ಲಕ್ಷ ಮಣ್ಣುಪಾಲು. ನಕ್ಷೆಗೆ ನಮಗೆ ತಗುಲಿದ್ದು ಎಲ್ಲಾ ಸೇರಿ 65 ಸಾವಿರ ಚಿಲ್ಲರೆ: ಒಂಬತ್ತು ದಿನದ ಓಡಾಟ, ಜೊತೆಗೆ ಇಬ್ಬರು ಹುಡುಗರು, ಬಾಡಿಗೆ ಜೀಪು, ಹನ್ನೆರಡು ಕಡೆ ರೆಸಿಸ್ಟಿವಿಟಿ (ನೆಲಕ್ಕೆ ಕರೆಂಟ್ ಬಿಟ್ಟು ಒಳಗಿನ ತಡೆ ಅಳೆಯುವುದು). ಎಸ್ಟಿಮೇಟಿನಲ್ಲಿ "ನಕ್ಷೆ ತಯಾರಿ" ಎಂಬ ಬಾಬ್ತೇ ಇಲ್ಲ ಎಂದು ಬಿಲ್ಲು ನಾಲ್ಕು ತಿಂಗಳು ಕೂತಿತು. ಕಡೆಗೆ "ಪಾಯಿಂಟ್ ತೋರಿಸಿದ್ದಕ್ಕೆ" ಎಂದು ಬರೆಸಿ ಅರ್ಧ ಬಂತು. ಫೇಲ್ ಆಗುವ ಬೋರಿಗೆ ಬಾಬ್ತು ಇದೆ, ಫೇಲ್ ಆಗದಂತೆ ನೋಡಿಕೊಳ್ಳುವುದಕ್ಕೆ ಇಲ್ಲ.

ಅಡಿ ನಕ್ಷೆಯಾಗಿ ತೆಗೆದುಕೊಂಡದ್ದು ಟೋಪೋಶೀಟ್ ಅಲ್ಲ, ಕಂದಾಯದ ಗ್ರಾಮ ನಕ್ಷೆ. ಅದು 1:7,920, ಅಂದರೆ ಇಂಚಿಗೆ ಹತ್ತು ಚೈನು. ಅದೇ ಡೈಕ್ ಇದರ ಮೇಲೆ ಎರಡೂವರೆ ಮಿಲಿಮೀಟರ್ ಬರುತ್ತದೆ, ಸರ್ವೆ ನಂಬರು ಸಮೇತ. ಟೋಪೋಶೀಟನ್ನು ಇಟ್ಟುಕೊಂಡದ್ದು ಹಳ್ಳಕೊಳ್ಳ, ಎತ್ತರದ ಗೆರೆಗಳಿಗೆ ಮಾತ್ರ. ಭೂಕೋಶ್ ಪೋರ್ಟಲಿನಲ್ಲಿ ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ) ಹಾಕಿರುವ ಶಿಲಾ ನಕ್ಷೆ, ಇಸ್ರೋದ ಭುವನ್‌ನಲ್ಲಿರುವ ಉಪಗ್ರಹ ಚಿತ್ರ, ಎರಡೂ ಪುಕ್ಕಟೆ. ಎಲ್ಲಿ ಹುಡುಕಬೇಕು ಎಂದು ಅವು ಹೇಳುತ್ತವೆ, ಎಲ್ಲಿ ಕೊರೆಯಬೇಕು ಎಂದು ಹೇಳುವುದಿಲ್ಲ. ಒಂದು ಎಚ್ಚರಿಕೆ: ಹಳೆಯ ಟೋಪೋಶೀಟು ಎವರೆಸ್ಟ್ ಡೇಟಮ್ಮಿನದು, ಕೈಯಲ್ಲಿರುವ ಜಿಪಿಎಸ್ ಡಬ್ಲ್ಯುಜಿಎಸ್ 84. ಅಕ್ಷಾಂಶ ರೇಖಾಂಶ ಲೆಕ್ಕ ಹಾಕುವ ಆಧಾರವೇ ಎರಡಕ್ಕೂ ಬೇರೆ. ಬದಲಾಯಿಸದೆ ಒಂದರ ಮೇಲೊಂದು ಇಟ್ಟರೆ ನೂರು ಮೀಟರಿಗಿಂತ ಹೆಚ್ಚು ಜಾರುತ್ತದೆ. ಡೈಕೇ ಇಪ್ಪತ್ತು ಮೀಟರ್ ಇರುವಾಗ ನೂರು ಮೀಟರ್ ತಪ್ಪಿದರೆ ಮಿಕ್ಕ ಕೆಲಸವೆಲ್ಲ ವ್ಯರ್ಥ. ನಾವು ಕೆರೆಯ ತೂಬು, ಗುಡಿಯ ಮೂಲೆ, ಮೂರು ಊರಿನ ಗಡಿ ಸೇರುವ ಕಲ್ಲು, ಹೀಗೆ ಆರು ಕಡೆ ನಿಂತು ರೀಡಿಂಗ್ ತೆಗೆದು ನಕ್ಷೆಯನ್ನು ಅದಕ್ಕೆ ಕೂರಿಸಿದೆವು.

ನೆಲ ಕ್ಲೋಸ್‌ಪೇಟ್ ಗ್ರಾನೈಟಿನದು. ರಾಮನಗರದ ಹಳೆಯ ಹೆಸರನ್ನೇ ಹೊತ್ತ ಈ ಪಟ್ಟಿ ಉತ್ತರ ದಕ್ಷಿಣವಾಗಿ ಮಲಗಿದೆ. ಅದನ್ನು ಅಡ್ಡಡ್ಡ, ಪೂರ್ವ ಪಶ್ಚಿಮವಾಗಿ ಕೊಯ್ದುಕೊಂಡು ಹೋಗಿರುವುದು ಡಾಲರೈಟ್ ಡೈಕುಗಳು, ನಮ್ಮ ಜನ ಕರಿಕಲ್ಲು ಅನ್ನುವುದು. ಈ ಕಡೆಯ ನೀರು ಜಯಮಂಗಲಿಯ ಜೊತೆ ಉತ್ತರಕ್ಕೆ ಹರಿಯುತ್ತದೆ. ನೆಲದೊಳಗಿನ ನೀರಿಗೂ ಹೆಚ್ಚುಕಡಿಮೆ ಅದೇ ದಾರಿ. ಅಡ್ಡ ಬಂದ ಡೈಕು ನೆಲದೊಳಗಿನ ಒಡ್ಡು. ಹಾಗಾದರೆ ನೀರು ನಿಲ್ಲುವುದು ಅದರ ದಕ್ಷಿಣಕ್ಕೆ. ಇಲ್ಲಿಯವರೆಗೆ ಪುಸ್ತಕದ ಮಾತು, ಎಲ್ಲರಿಗೂ ಗೊತ್ತು. ಒದ್ದಾಟ ಶುರುವಾಗುವುದು ಡೈಕು ನಿಜವಾಗಿ ಎಲ್ಲಿದೆ ಎನ್ನುವುದರಲ್ಲಿ.

ಫೆಬ್ರವರಿಯಲ್ಲಿ ನಡೆದೆವು. ರಾಗಿ, ಶೇಂಗಾ ಎಲ್ಲ ಮನೆ ಸೇರಿರುತ್ತದೆ, ಪೊದೆ ಒಣಗಿರುತ್ತದೆ, ಹಸಿರು ಉಳಿದಿರುವುದು ಬೇರಿಗೆ ನೀರು ಸಿಕ್ಕ ಕಡೆ ಮಾತ್ರ. ಹೊಂಗೆ, ಈಚಲು ಗೆರೆ ಎಳೆದಂತೆ ನಿಂತಿದ್ದರೆ ಸುಮ್ಮನೆ ದಾಟಬೇಡಿ. ಡೈಕು ಪೂರ್ವ ಪಶ್ಚಿಮ, ಹಾಗಾಗಿ ನಮ್ಮ ನಡಿಗೆ ಉತ್ತರ ದಕ್ಷಿಣ, ಸಾಲಿನಿಂದ ಸಾಲಿಗೆ 250 ಮೀಟರ್. ಹನ್ನೆರಡು ಚದರ ಕಿಲೋಮೀಟರಿಗೆ ನೂರಾ ನಲವತ್ತು ಕಡೆ ಕೂತು ಬರೆದುಕೊಂಡದ್ದು. ಬಂಡೆ ಸಿಕ್ಕ ಕಡೆ ಕನಿಷ್ಠ ಹದಿನೈದು ಬಿರುಕುಗಳ ದಿಕ್ಕು, ವಾಟ (ಯಾವ ಕಡೆಗೆ ಎಷ್ಟು ವಾಲಿವೆ).

ಮೊದಲ ಎರಡು ದಿನದ ಗೆರೆಗಳಲ್ಲಿ ಅರ್ಧ ಸುಳ್ಳಾಯಿತು. ಕರಿಗುಂಡುಗಳ ಸಾಲು ಕಂಡಲ್ಲೆಲ್ಲ ಡೈಕು ಎಂದು ಬರೆದಿದ್ದೆವು. ಎಷ್ಟೋ ಕಡೆ ಅದು ಹೊಲ ಹಸನು ಮಾಡುವಾಗ ರೈತರು ಉರುಳಿಸಿ ಬದುವಿಗೆ ಹಾಕಿದ ಕಲ್ಲು. ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಹಾರೆಯಲ್ಲಿ ಒಂದೂವರೆ ಅಡಿ ಅಗೆಯುವುದು. ಅಲ್ಲೇ ಹುಟ್ಟಿದ ಗುಂಡಾದರೆ ಸುತ್ತ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕೊಳೆತಿರುತ್ತದೆ, ಮಣ್ಣು ಕಂದುಗೆಂಪು, ಬೆರಳಿಗೆ ಅಂಟುತ್ತದೆ. ಉರುಳಿ ಬಂದದ್ದಾದರೆ ಕೆಳಗೆ ಗ್ರಾನೈಟಿನ ಗರಸು (ಕೊಳೆತು ಸಡಿಲಾದ ಕಲ್ಲು), ಬಿಳಿ ಮರಳು. ಹುತ್ತದ ಮಣ್ಣಿನ ಬಣ್ಣವೂ ಇದನ್ನೇ ಹೇಳುತ್ತದೆ. ಕೆಳಗಿನ ಮಣ್ಣನ್ನು ಗೆದ್ದಲು ಪುಕ್ಕಟೆ ಮೇಲೆ ತಂದು ತೋರಿಸಿರುತ್ತದೆ.

ಡೈಕಿನ ಮೇಲೆ ನಿಂತು ಕಂಪಾಸ್ ಹಿಡಿಯಬೇಡಿ. ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಇದೆ, ಮುಳ್ಳು ಅದರ ಮಾತು ಕೇಳುತ್ತದೆ. ದೂರ ಸರಿದು, ಡೈಕಿನ ಮೇಲೆ ಇಬ್ಬರನ್ನು ನಿಲ್ಲಿಸಿ, ಅವರ ಸಾಲಿಗೆ ನೋಟ ಹಿಡಿದು ಓದಬೇಕು. ಇದನ್ನೇ ತಿರುಗಿಸಿ ಉಪಯೋಗಿಸಬಹುದೆಂದು ಮೊಬೈಲಿನ ಮ್ಯಾಗ್ನೆಟೋಮೀಟರ್ ಆ್ಯಪ್ ಹಿಡಿದು ಮುಚ್ಚಿಹೋದ ಡೈಕು ಹುಡುಕಿಯೂ ನೋಡಿದೆವು. ನಮ್ಮ ಕಡೆ ಭೂಮಿಯ ಕಾಂತಬಲ 41 ಮೈಕ್ರೋಟೆಸ್ಲಾ ಸುಮಾರು, ಮಣ್ಣಿನಡಿಯ ಡೈಕು ಅದರಲ್ಲಿ ಮಾಡುವ ಏರುಪೇರು ಸಾಮಾನ್ಯವಾಗಿ ಒಂದು ಮೈಕ್ರೋಟೆಸ್ಲಾಕ್ಕೂ ಕಡಿಮೆ. ಜೇಬಿನ ಬೀಗದಕೈ ಅದಕ್ಕಿಂತ ಹೆಚ್ಚು ಕುಣಿಸುತ್ತದೆ. ಒಂದು ಇಡೀ ದಿನ ಹಾಳು. ಪ್ರೋಟಾನ್ ಮ್ಯಾಗ್ನೆಟೋಮೀಟರ್ ಬಾಡಿಗೆಗೆ ಸಿಕ್ಕರೆ ಆ ಮಾತೇ ಬೇರೆ.

ಬಹಳ ಜನ ಬಿಟ್ಟುಬಿಡುವುದು ಹಳೆಯ ತೆರೆದ ಬಾವಿಗಳನ್ನು. ಬತ್ತಿಹೋದ ನಲವತ್ತೈವತ್ತು ಅಡಿಯ ಬಾವಿ ಅಂದರೆ ಯಾರೋ ದುಡ್ಡು ಕೊಟ್ಟು ತೋಡಿಸಿಟ್ಟ ಶಿಲಾ ಪಾಠ. ಗರಸು ಎಷ್ಟು ಅಡಿ, ಗಟ್ಟಿ ಬಂಡೆ ಎಲ್ಲಿಂದ, ಯಾವ ಬಿರುಕು ಒದ್ದೆ, ಎಲ್ಲ ಮೇಲಿಂದಲೇ ಕಾಣುತ್ತದೆ. ಇಪ್ಪತ್ತಾರು ಬಾವಿ ನೋಡಿದೆವು, ಮೂರರ ಗೋಡೆಯಲ್ಲಿ ಡೈಕಿನ ಅಂಚೇ ಸಿಕ್ಕಿತು.

ರೆಸಿಸ್ಟಿವಿಟಿಯನ್ನು ನಕ್ಷೆಯಾದ ಮೇಲೆ ಮಾಡಿ, ಮೊದಲಲ್ಲ. ಶ್ಲಂಬರ್ಜರ್ ಜೋಡಣೆ (ನಾಲ್ಕು ಎಲೆಕ್ಟ್ರೋಡ್ ಒಂದೇ ಸಾಲಿನಲ್ಲಿ), ಎಬಿ ಬೈ 2, ಅಂದರೆ ನಡುವಿನಿಂದ ಹೊರಗಿನ ಎಲೆಕ್ಟ್ರೋಡಿಗೆ ಇರುವ ದೂರ, ನೂರಿಪ್ಪತ್ತು ಮೀಟರ್ ತನಕ, ತಂತಿಯ ಸಾಲು ಡೈಕಿಗೆ ಸಮಾನಾಂತರ. ಅಡ್ಡ ಹಾಕಿದರೆ ಒಂದು ಕಡೆಯ ಎಲೆಕ್ಟ್ರೋಡ್ ಡೈಕು ಹತ್ತಿದೊಡನೆ ಕರ್ವ್ ಮೇಲೇಳುತ್ತದೆ, ಬಂಡೆ ಬಂತು ಎಂದು ಮೋಸ ಹೋಗುತ್ತೀರಿ. ನೆಲ ಒಣಗಿದ್ದರೆ ಎಲೆಕ್ಟ್ರೋಡಿನ ಬುಡಕ್ಕೆ ಉಪ್ಪುನೀರು ಹೊಯ್ಯಿರಿ. ತ್ರೀ ಫೇಸ್ ಕರೆಂಟ್ ಇರುವಾಗ ಮೀಟರ್ ಮುಟ್ಟಲೇಬೇಡಿ. ಸಿಪ್ಪೆ ಸುಲಿದ ಪಂಪ್‌ಸೆಟ್ ಕೇಬಲ್ಲುಗಳಿಂದ ನೆಲಕ್ಕಿಳಿಯುವ ಕರೆಂಟಿಗೆ ರೀಡಿಂಗ್ ನಿಲ್ಲುವುದಿಲ್ಲ. ನಾವು ತ್ರೀ ಫೇಸ್ ಯಾವಾಗ ಎಂದು ಲೈನ್‌ಮನ್ ಹತ್ತಿರ ಕೇಳಿಕೊಂಡೇ ಹೊರಡುತ್ತಿದ್ದೆವು. ಡೈಕಿನ ದಕ್ಷಿಣಕ್ಕೆ ಗರಸು 18ರಿಂದ 22 ಮೀಟರ್, 40 ಓಮ್ ಮೀಟರ್ ಆಸುಪಾಸು. ಉತ್ತರಕ್ಕೆ ಏಳೆಂಟು ಮೀಟರಿಗೇ ಸಾವಿರ ದಾಟಿತು, ಅಂದರೆ ಗಟ್ಟಿ ಬಂಡೆ. ಫೇಲ್ ಆದ ಏಳು ಬೋರುಗಳಲ್ಲಿ ಐದು ಈ ಉತ್ತರದ ಮಗ್ಗುಲಿನವು.

ಇಷ್ಟೆಲ್ಲ ಮಾಡಿಯೂ ಮೊದಲ ಬೋರ್ ಫೇಲ್ ಆಯಿತು. ಅದರ ಲೆಕ್ಕವನ್ನು ಬಿಡಿಸಿ ಹೇಳಬೇಕು. ಡೈಕು ನೆಟ್ಟಗೆ ನಿಂತಿದೆ ಎಂದುಕೊಂಡು ದಕ್ಷಿಣದ ಅಂಚಿನಿಂದ 15 ಮೀಟರ್ ಬಿಟ್ಟು ಪಾಯಿಂಟ್ ಕೊಟ್ಟಿದ್ದೆ. ಅರವತ್ತು ಅಡಿ ಕೇಸಿಂಗ್ ಇಳಿಯಿತು, ಬಿಳಿ ಪುಡಿ ಬರುತ್ತಿತ್ತು. 135 ಅಡಿಯ ಹತ್ತಿರ ಪುಡಿ ಇದ್ದಕ್ಕಿದ್ದಂತೆ ಕಪ್ಪಾಯಿತು, ಹ್ಯಾಮರ್‌ನ ಸದ್ದೂ ಬದಲಾಯಿತು. ಮುನ್ನೂರು ಚಿಲ್ಲರೆ ಅಡಿಯವರೆಗೂ ಕಪ್ಪೇ. ಆಮೇಲೆ ಮತ್ತೆ ಬಿಳಿ, ಆದರೆ ಒಣ. 380ಕ್ಕೆ ನಿಲ್ಲಿಸಿದೆವು. 70 ಸಾವಿರ ಹೋಯಿತು. ಡೈಕು ನೆಟ್ಟಗಿರಲಿಲ್ಲ, ನೆಲಮಟ್ಟದಿಂದ ಅಳೆದರೆ 70 ಡಿಗ್ರಿಯಲ್ಲಿ ದಕ್ಷಿಣಕ್ಕೆ ವಾಲಿತ್ತು. 70 ಡಿಗ್ರಿಯ ಟ್ಯಾನ್ 2.75. ಹದಿನೈದರಿಂದ ಗುಣಿಸಿದರೆ 41 ಮೀಟರ್, ಅಂದರೆ ಅದೇ 135 ಅಡಿ. ಇಪ್ಪತ್ತು ಮೀಟರ್ ಅಗಲದ ಡೈಕನ್ನು ಮೇಲಿಂದ ಕೆಳಗೆ ತೂರಲು 180 ಅಡಿ, ಅದೂ ತಾಳೆಯಾಯಿತು. ಕೊರೆದು ಕೊರೆದು ನಾವು ಒಡ್ಡಿನ ಒಣ ಮಗ್ಗುಲಿಗೆ ಇಳಿದಿದ್ದೆವು. ಬೋರ್ ಲಾರಿಯ ಏಜೆಂಟು "ಇನ್ನೂರು ಅಡಿ ಜಾಸ್ತಿ ಹೋಗೋಣ ಸಾರ್" ಅನ್ನುತ್ತಿದ್ದ. ಇನ್ನೂ ಸಾವಿರ ಅಡಿ ಹೋಗಿದ್ದರೂ ಅಷ್ಟೇ.

ಅದೇ ಲೆಕ್ಕದಲ್ಲಿ ಎರಡನೆಯದನ್ನು 60 ಮೀಟರ್ ದೂರ ಸರಿಸಿದೆ. ಡೈಕು ಎದುರಾಗುವುದು 540 ಅಡಿಯಲ್ಲಿ, ಅದರ ಮೇಲಿನದೆಲ್ಲ ನೀರು ನಿಲ್ಲುವ ಮಗ್ಗುಲು. 180ರಲ್ಲಿ ಮೊದಲ ಗ್ಯಾಪ್ (ನೀರು ಬರುವ ಬಿರುಕು), 310ರಲ್ಲಿ ಎರಡನೆಯದು. 420ಕ್ಕೆ ನಿಲ್ಲಿಸಿದೆವು. ವಿ ನಾಚ್‌ನಲ್ಲಿ, ಅಂದರೆ ಹರಿವು ಅಳೆಯುವ ವಿ ಆಕಾರದ ಕಚ್ಚಿನಲ್ಲಿ, ನೀರಿನ ಎತ್ತರ ಎರಡೂವರೆ ಇಂಚು. ಇಂಚಿನ ಲೆಕ್ಕದಲ್ಲಿ ಪಂಚಾಯಿತಿಯವರಿಗೂ ಏಜೆಂಟರಿಗೂ ಒಂದು ತಪ್ಪು ತಿಳಿವಳಿಕೆ ಇದೆ: ಎರಡು ಇಂಚು ಅಂದರೆ ಒಂದು ಇಂಚಿನ ಇಮ್ಮಡಿ ಅಲ್ಲ. 90 ಡಿಗ್ರಿ ನಾಚ್‌ನಲ್ಲಿ ಒಂದು ಇಂಚಿಗೆ ಗಂಟೆಗೆ 500 ಲೀಟರ್, ಎರಡಕ್ಕೆ 2,900, ಎರಡೂವರೆಗೆ 5,000, ಮೂರಕ್ಕೆ ಎಂಟು ಸಾವಿರದ ಹತ್ತಿರ. ಕಾಲು ಇಂಚಿಗೆ ಜಗಳವಾಡಿದರೂ ತಪ್ಪಿಲ್ಲ.

ಅಂಚು ಕಾಣದೆ ಮಣ್ಣಿನಲ್ಲಿ ಮುಚ್ಚಿಹೋದ ಡೈಕಿನ ವಾಟ ಹೇಗೆ ತಿಳಿಯುವುದು ಎಂದು ಕೇಳುತ್ತೀರಿ. ಅದಕ್ಕೆ ರೆಸಿಸ್ಟಿವಿಟಿಯಲ್ಲೇ ಒಂದು ಕಿತಾಪತಿ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ. ಎರಡು ಸಾಲು ಹಾಕಿ ನೋಡಿದವರಿಗೆ ತಾನಾಗಿ ಹೊಳೆಯುತ್ತದೆ.

ಮೂರನೆಯ ಜಾಗವನ್ನು ನಕ್ಷೆಯೇ ತೋರಿಸಿತು. ಡೈಕಿನ ಗೆರೆ ಒಂದು ಕಡೆ ಕಡಿದು, ಅರವತ್ತು ಮೀಟರ್ ಪಕ್ಕಕ್ಕೆ ಜರುಗಿ ಮತ್ತೆ ಶುರುವಾಗುತ್ತಿತ್ತು. ನಡೆಯುವಾಗ ಮಣ್ಣಿನಲ್ಲಿ ಮುಚ್ಚಿದೆ ಎಂದುಕೊಂಡಿದ್ದೆವು. ಕಾಗದದ ಮೇಲೆ ಇಟ್ಟಾಗಲೇ ಗೊತ್ತಾದದ್ದು ಉತ್ತರ ದಕ್ಷಿಣದ ಬಿರುಕೊಂದು ಅದನ್ನು ಸೀಳಿಕೊಂಡು ಹೋಗಿದೆ, ಹಳ್ಳವೂ ಅದೇ ದಾರಿ ಹಿಡಿದಿದೆ ಎಂದು. ಒಡ್ಡು ಒಡೆದ ಬಾಯಿ ಅದು. 260 ಅಡಿಗೇ ಮೂರು ಇಂಚು ಬಂತು.

ತಮಾಷೆಗೆ, ತೆಂಗಿನಕಾಯಿಯವರು ಆ ಊರಿನಲ್ಲಿ ಕೊಟ್ಟಿದ್ದ ಪಾಯಿಂಟುಗಳನ್ನೂ ಅದೇ ನಕ್ಷೆಯ ಮೇಲೆ ಗುರುತಿಸಿದೆವು. ನೀರು ಬಂದವೆಲ್ಲ ಹಳ್ಳದ ಪಕ್ಕದ ತಗ್ಗಿನವು. ಕಾಯಿ ಏಳುವುದೋ ಬಿಡುವುದೋ, ನೆಲ ನೋಡುವ ಕಣ್ಣು ಅವರಿಗಿದೆ. ದಿಬ್ಬದ ಮೇಲೆ, ಹಾಸುಬಂಡೆಯ ಪಕ್ಕ ಅವರೂ ನಿಲ್ಲುವುದಿಲ್ಲ.

ನೀರು ಬಂದರೆ ಮುಗಿಯಲಿಲ್ಲ, ಈ ಸೀಮೆಯಲ್ಲಿ ಫ್ಲೋರೈಡ್ ಇದೆ. ಎರಡನೆಯ ಬೋರಿನಲ್ಲಿ ಲೀಟರಿಗೆ 2.4 ಮಿಲಿಗ್ರಾಂ, ಮೂರನೆಯದರಲ್ಲಿ 1.1. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಿತಿ 1.0, ಬೇರೆ ಗತಿಯಿಲ್ಲದಿದ್ದರೆ 1.5. ಕಾರಣವೂ ನಕ್ಷೆಯಲ್ಲೇ ಇತ್ತು. ಎರಡನೆಯದರ ಸುತ್ತ ಮಣ್ಣಿನಲ್ಲಿ ಸುಣ್ಣದ ಕಲ್ಲಿನ ಗಂಟುಗಳು. ಕ್ಯಾಲ್ಸಿಯಂ ಅಲ್ಲಿ ಗಟ್ಟಿಯಾಗಿ ಕೂತುಬಿಟ್ಟರೆ ನೀರಿನಲ್ಲಿ ಫ್ಲೋರೈಡನ್ನು ಹಿಡಿದು ಕೂರಿಸುವವರು ಯಾರೂ ಉಳಿಯುವುದಿಲ್ಲ. ಜೊತೆಗೆ ಗ್ರಾನೈಟಿನಲ್ಲಿ ಬಹಳ ಕಾಲ ನಿಂತ ನೀರು. ಮೂರನೆಯದು ಹಳ್ಳದ ಬಿರುಕಿನಿಂದ ವರ್ಷ ವರ್ಷ ಹೊಸ ನೀರು ಕುಡಿಯುತ್ತದೆ. ಕುಡಿಯಲು ಮೂರನೆಯದು, ದನಕರು ಬಳಕೆಗೆ ಎರಡನೆಯದು ಎಂದು ಪೈಪ್ ಬೇರೆ ಮಾಡಿಸಿದೆವು. ಸುಣ್ಣದ ಗಂಟು ಕಂಡ ಜಾಗವನ್ನು ನಕ್ಷೆಯಲ್ಲಿ ಚುಕ್ಕಿ ಹಾಕಿ ಇಡುವುದು ಹತ್ತು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಅದೇ ಕಾಗದ ಇನ್ನೆರಡು ಕಡೆ ಕೆಲಸಕ್ಕೆ ಬಂತು. ಚೆಕ್ ಡ್ಯಾಮನ್ನು ಡೈಕಿನ ಉತ್ತರಕ್ಕೆ ಕಟ್ಟಲು ಗುರುತು ಹಾಕಿದ್ದರು, ನೀರು ಇಂಗಿದರೂ ಊರಿನ ಬೋರಿಗೆ ಬರುತ್ತಿರಲಿಲ್ಲ. ಅದೇ ಹಳ್ಳದಲ್ಲಿ ಇನ್ನೂರು ಮೀಟರ್ ಮೇಲಕ್ಕೆ, ದಕ್ಷಿಣದ ಮಗ್ಗುಲಿಗೆ ಸರಿಸಿದರು. ಹೊಸ ಮನೆಗಳ ಶೌಚದ ಗುಂಡಿಗಳು ಆ ಉತ್ತರ ದಕ್ಷಿಣದ ಬಿರುಕಿನ ಮೇಲೆಯೇ ಬರುತ್ತಿದ್ದವು. ಗುಂಡಿಯಿಂದ ಇಳಿದ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಆ ಒಳ್ಳೆಯ ಬೋರೇ ಕೈಬಿಟ್ಟು ಹೋಗುತ್ತದೆ ಎಂದು ನಕ್ಷೆ ತೋರಿಸಿ ಹೇಳಿದ ಮೇಲೆ ಪಶ್ಚಿಮಕ್ಕೆ ಸರಿಸಿದರು, ಎರಡು ಮನೆ ಬಿಟ್ಟು. ಆ ಎರಡರ ಗುಂಡಿ ಆಗಲೇ ಮುಗಿದಿತ್ತು. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮೂರನೆಯ ಬೋರಿನ ನೀರು ಬಾಟಲಿಗೆ ಹಿಡಿದು ನೈಟ್ರೇಟಿಗೆ ಕಳಿಸುತ್ತಿದ್ದೇವೆ. ಕಳೆದ ಸಲ ಬಂದದ್ದು 28.