ಬೋರ್‌ವೆಲ್ ನೀರಲ್ಲಿ ಕಾಣದ ಕ್ಯಾಡ್ಮಿಯಂ

ಜಿಲೇಬಿ ಮೀನಿನ ಹೊಟ್ಟೆ ಸೀಳಿ ಕರುಳನ್ನು ಪಕ್ಕಕ್ಕೆ ಸರಿಸಿದರೆ, ಬೆನ್ನುಮೂಳೆಗೆ ಅಂಟಿಕೊಂಡ ಕಡುಗೆಂಪು ಮೂತ್ರಪಿಂಡ ಕಾಣುತ್ತದೆ. ಅದರ ಹಿಂತುದಿಯಲ್ಲಿ ಕೆನೆಬಣ್ಣದ ಪುಟ್ಟ ಚುಕ್ಕೆಗಳಿರುತ್ತವೆ. ಇವು ಗ್ರಂಥಿಗಳು. 1839ರಲ್ಲಿ ಇವನ್ನು ಗುರುತಿಸಿದ ಜರ್ಮನ್ ವಿಜ್ಞಾನಿ ಸ್ಟಾನಿಯಸ್ ಅವರ ಹೆಸರೇ ಈ ಗ್ರಂಥಿಗಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾದರೆ ಇದರ ಹಾರ್ಮೋನು ಕಿವಿರಿಗೆ ‘ಸಾಕು, ಒಳಗೆ ಬಿಡಬೇಡ’ ಅನ್ನುತ್ತದೆ. ಈ ಚುಕ್ಕೆ ಹರಿಯದ ಹಾಗೆ ಬಿಡಿಸುವುದನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು.

ಕ್ಯಾಡ್ಮಿಯಂ ಅನ್ನುವ ವಿಷಕಾರಿ ಲೋಹ ಈ ಗ್ರಂಥಿಯ ಕೋಶಗಳನ್ನು ಏನು ಮಾಡುತ್ತದೆ ಅಂತ ನೋಡಬೇಕಿತ್ತು. ಮೀನು ಟ್ಯಾಂಕಿಗೆ ಒಗ್ಗಲಿ ಅಂತ ಎರಡು ವಾರ ಬಿಟ್ಟೆ. ಆಮೇಲೆ ಲೀಟರಿಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ ಕ್ಯಾಡ್ಮಿಯಂ ಸೇರಿಸಿದೆ. ನಾಲ್ಕನೇ ದಿನ ಗ್ರಂಥಿ ತೆಗೆದು, ಕೆಡದಂತೆ ಹಳದಿ ಬುವಾನ್ ದ್ರಾವಣದಲ್ಲಿ ಒಂದು ದಿನ ಇಟ್ಟು, ಮೇಣದಲ್ಲಿ ಕೂರಿಸಿ, 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕ್ಯಾಡ್ಮಿಯಂ ಹಾಕದ ಮೀನಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ! ಅವತ್ತು ತುಂಬಾ ಬೇಜಾರಾಗಿತ್ತು.

ಟ್ಯಾಂಕ್ ತೊಳೆಯುವಾಗ ಗಾಜಿನ ಮೇಲೆ ಬಿಳಿ ಉಪ್ಪಿನ ಗೆರೆ ಒರಟಾಗಿ ಕೈಗೆ ಸಿಕ್ಕಿತು. ನಾನು ಬಳಸಿದ್ದು ಗಡಸು ಬೋರ್‌ವೆಲ್ ನೀರು. ಕ್ಯಾಡ್ಮಿಯಂ ಕಿವಿರಿನೊಳಗೆ ನುಗ್ಗುವುದು ಕ್ಯಾಲ್ಸಿಯಂನ ಬಾಗಿಲಿನಿಂದಲೇ. ಗಡಸು ನೀರಲ್ಲಿ ಕ್ಯಾಲ್ಸಿಯಂ ತುಂಬಿರುವಾಗ ಕ್ಯಾಡ್ಮಿಯಂಗೆ ಜಾಗ ಸಿಗುವುದು ಕಷ್ಟ, ಅಲ್ವಾ?

ಛಾವಣಿಯ ಮಳೆನೀರು ಬೆರೆಸಿ ಮತ್ತೆ ಶುರುಮಾಡಿದೆ. ಈ ಸಲ ನಾಲ್ಕನೇ ದಿನಕ್ಕೆ ರಕ್ತದ ಕ್ಯಾಲ್ಸಿಯಂ ಇಳಿದಿತ್ತು. ಯಾವುದು ಯಾವ ಮೀನಿನದು ಅಂತ ನನಗೆ ಗೊತ್ತಾಗದಿರಲಿ ಅಂತ ಸ್ಲೈಡಿನ ಚೀಟಿಗಳನ್ನು ಗೆಳತಿಯ ಕೈಲಿ ಮುಚ್ಚಿಸಿ, ಪ್ರತಿ ಮೀನಿನ ಗ್ರಂಥಿಯಲ್ಲಿ 50 ಕೋಶಕೇಂದ್ರ ಅಳೆದೆ. ಕ್ಯಾಡ್ಮಿಯಂ ಕಂಡ ಮೀನುಗಳಲ್ಲಿ ಅವು ಕುಗ್ಗಿದ್ದವು. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಮುಂಭಾಗದ ಪ್ರೊಲ್ಯಾಕ್ಟಿನ್ ಕೋಶಗಳು ಮಾತ್ರ ಉಬ್ಬಿದ್ದವು. ಮೀನಿನ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್.

ಕುಗ್ಗಿದ ಕೋಶ ನೋಡಿದ ತಕ್ಷಣ ‘ಲೋಹ ಗ್ರಂಥಿಯನ್ನು ಕೆಡಿಸಿತು’ ಅಂತ ಬರೆಯುವ ಆಸೆ ಬರುತ್ತದೆ. ನಾನೂ ಹಾಗೇ ಬರೆದು ಹೊಡೆದು ಹಾಕಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾದರೆ ಈ ಗ್ರಂಥಿಗೆ ಕೆಲಸವೇ ಇರುವುದಿಲ್ಲ, ಸುಮ್ನಾಗುತ್ತದೆ. ಪೆಟ್ಟು ಮೊದಲು ಬಿದ್ದಿದ್ದು ಕ್ಯಾಲ್ಸಿಯಂ ಒಳಬಿಡುವ ಕಿವಿರಿಗೆ. ರಕ್ತ ಪರೀಕ್ಷೆ ಜೊತೆಗಿಲ್ಲದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಈಗ ನನ್ನ ಪ್ರತಿ ಟ್ಯಾಂಕಿನ ಮೇಲೂ ನೀರಿನ ಗಡಸುತನ ಬರೆದ ಚೀಟಿ ಇರುತ್ತದೆ. ನನ್ನ ಚಿಂತೆ ಮಲೆನಾಡಿನ ಹೊಳೆಗಳದ್ದು. ಅಲ್ಲಿನ ನೀರು ಮೆದು, ಅಂದರೆ ಕ್ಯಾಲ್ಸಿಯಂ ಕಮ್ಮಿ. ಬಯಲುಸೀಮೆಯ ಕೆರೆಯ ಮೀನು ತಡೆದುಕೊಳ್ಳುವಷ್ಟು ಕ್ಯಾಡ್ಮಿಯಂ ಅಲ್ಲಿ ಸೇರಿದರೂ ಮೀನಿಗೆ ಕಷ್ಟವೇ.