ಬ್ಲೂ ಮಂಡೇ: 1983ರದೋ, 1988ರದೋ?

ಮಡಿಕೇರಿ, ವಿರಾಜಪೇಟೆ ಕಡೆ ಮದುವೆಗಳಿಗೆ ನಾನು ಡಿಜೆ ಆಗಿ ಹೋಗುತ್ತೇನೆ. ಇಂಗ್ಲೆಂಡಿನ ನ್ಯೂ ಆರ್ಡರ್ ತಂಡದ 'ಬ್ಲೂ ಮಂಡೇ' ಹಾಡು ಅಂದರೆ ನಮ್ಮ ಗೆಳೆಯರ ಗುಂಪಿಗೆ ಪ್ರಾಣ. ಆದರೆ ಯಾವುದು? ಕೆಲವರಿಗೆ 1983ರ 12 ಇಂಚಿನ ರೆಕಾರ್ಡಿನದೇ ಬೇಕು, ಸುಮಾರು ಏಳೂವರೆ ನಿಮಿಷದ್ದು. ಉಳಿದವರಿಗೆ 1988ರಲ್ಲಿ ಅಮೆರಿಕದ ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಕೈಯಲ್ಲಿ ರೀಮಿಕ್ಸ್ ಆದದ್ದು. ಅದರ 7 ಇಂಚಿನ ರೆಕಾರ್ಡು ನಾಲ್ಕು ನಿಮಿಷ ಚಿಲ್ಲರೆ.

ಹೋದ ಮಳೆಗಾಲ ಹೊರಗೆ ಕೆಲಸ ಇರಲಿಲ್ಲ. ಎಲ್ಲರನ್ನೂ ಮನೆಗೆ ಕರೆದೆ. ಹೆಸರು ಹೇಳದೆ ಎರಡನ್ನೂ ಹಾಕಿದೆ. ಎಲ್ಲರೂ 88ರದ್ದನ್ನೇ ಮೆಚ್ಚಿದರು. ನನಗೆ ಅನುಮಾನ ಬಂತು. ಸದ್ದಿನ ಮಟ್ಟ ತೋರಿಸುವ ಮೀಟರ್ ನೋಡಿದರೆ ನನ್ನ ಹತ್ತಿರ ಇದ್ದ 88ರ ಫೈಲೇ ಜೋರು! ಜೋರಾಗಿ ಕೇಳಿದ್ದು ಕಿವಿಗೆ ಚೆನ್ನಾಗಿಯೇ ಅನಿಸುತ್ತದೆ, ಅಲ್ವಾ? ಅದರ ವಾಲ್ಯೂಮ್ ಇಳಿಸಿ ಎರಡನ್ನೂ ಸಮ ಮಾಡಿದೆ. ಈ ಸಲ ಮತ ಅರ್ಧಕ್ಕರ್ಧ ಆಯಿತು. ಆವೃತ್ತಿಗಳನ್ನು ಹೋಲಿಸುವವರು ಮೊದಲು ಇದನ್ನು ಮಾಡಲೇಬೇಕು. ಇಲ್ಲದಿದ್ದರೆ ಸುಮ್ನೆ ವಾದ.

ಆದರೆ ಕೂತು ಕೇಳುವುದೇ ಬೇರೆ, ಕುಣಿಯುವುದೇ ಬೇರೆ. 83ರದ್ದರಲ್ಲಿ ಮೊದಲು ಬರೀ ಕಿಕ್ ಡ್ರಮ್, ಅಂದರೆ ತಾಳ ಹಿಡಿಯುವ ದಪ್ಪ ಸದ್ದಿನ ಡ್ರಮ್. ನಿಮಿಷಕ್ಕೆ 130 ಬಡಿತ, ನಡುನಡುವೆ ಮದ್ದುಗುಂಡಿನ ಹಾಗೆ ಒಂದು ಸಾಲು ಪೆಟ್ಟು. ಆಮೇಲೆ ಒಂದೊಂದೇ ವಾದ್ಯ ಬಂದು ಸೇರುತ್ತದೆ. ಹಾಡಿನ ಮಾತು ಬರುವುದು ಎರಡು ನಿಮಿಷ ದಾಟಿದ ಮೇಲೆ. "ಅಣ್ಣಾ, ಹಾಡು ಶುರು ಆಗೋದು ಯಾವಾಗ?" ಅಂತ ಒಬ್ಬ ಹುಡುಗ ಕೇಳಿದ. ನನಗೆ ಆ ಎರಡು ನಿಮಿಷವೇ ಬಂಗಾರ. ಹಿಂದಿನ ಹಾಡಿನ ಬಡಿತಕ್ಕೆ ಇದನ್ನು ಕೂಡಿಸಲು, ಬೇಸ್ (ತಗ್ಗಿನ ದಪ್ಪ ಸದ್ದು) ನಿಧಾನವಾಗಿ ಏರಿಸಲು ಜಾಗ ಸಿಗುತ್ತದೆ. 88ರ ಚಿಕ್ಕದರಲ್ಲಿ ಅಷ್ಟು ಜಾಗವಿಲ್ಲ. ಅದು ಕಾರಿನಲ್ಲಿ ಕೇಳಲು ಚೆಂದ.

ನಮ್ಮೂರ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗಳಲ್ಲಿ ನಾವು ಕುಣಿಯುವ ವಾಲಗ ಶುರುವಾದಾಗ ಯಾರೂ ಹಾಡಿಗೆ ಕಾಯುವುದಿಲ್ಲ. ಬಡಿತ ಕೇಳಿದರೆ ಸಾಕು, ಕೈ ತಾನಾಗಿ ಮೇಲೇಳುತ್ತದೆ.

ಆಮೇಲೆ ಒಂದು ಮದುವೆಯಲ್ಲಿ ವಾಲಗ ನಿಂತ ಕೂಡಲೇ 83ರದ್ದನ್ನೇ ಹಾಕಿದೆ. ಮೊದಲ ನಿಮಿಷ ಹುಡುಗರು ಮಾತ್ರ ಇದ್ದರು. ಆಮೇಲೆ ಊಟದ ಸಾಲಿನಿಂದ ಇಬ್ಬರು ಚಿಕ್ಕಮ್ಮಂದಿರು ಬಂದರು, ಹಿಂದೆಯೇ ಅವರ ಗಂಡಂದಿರು. ಮಾತು ಶುರುವಾಗುವಷ್ಟರಲ್ಲಿ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ.